ಟಾಸ್ಮೇನಿಯಾ ವಯಾ ವಾಡಿ ಜಂಕ್ಷನ್

ಮೆಲ್ಬರ್ನ್‌ನಲ್ಲಿರುವ ನಮ್ಮ ಅಕ್ಕನ ಮಗ ಒಂದು ರವಿವಾರ ಫೋನ್ ಮಾಡಿದ. "ಮಾವಾ, ಬರೋ ಸೂಟಿಗಿ ಎಲ್ಲಾರೂ ಬಂದುಬಿಡ್ರಿ. ಟಾಸ್ಮೇನಿಯಾಕ್ಕ ಹೋಗೂಣು. ದ್ವೀಪ ಅದ. ಕಾಡಿಗಿ, ಊಟಕ್ಕ, ವೈನಿಗಿ ಭಾಳ ಹೆಸರು ಮಾಡಿದ್ದು" ಅಂದ. ಅಂದವನು ಫೋನ್ ಇಟ್ಟು ಹಾಯಾಗಿ ಮಲಗಿರಬೇಕು. ನಮಗೆ ಇಲ್ಲಿ ಸೇಡಂನಲ್ಲಿ ಅವತ್ತಿನಿಂದ ನಿದ್ದೆಯಿಲ್ಲ.

ಮೇ ತಿಂಗಳು. ಹೊರಗೆ 44 ಡಿಗ್ರಿ. ಕಾಗೆ ಕೂಡ ಹಾರುವ ಮುಂಚೆ ಎರಡು ಸಲ ವಿಚಾರ ಮಾಡುವ ಹೊತ್ತು. ಅಂಥದ್ದರಲ್ಲಿ ದ್ವೀಪ, ಚಳಿ ಎಂಬ ಶಬ್ದಗಳು ಕಿವಿಗೆ ಬಿದ್ದದ್ದೇ ತಡ, ಸಂಜೆ ನಮ್ಮ ಬೇವಿನ ಗಿಡದ ಕಟ್ಟೆಯ ಮೇಲೆ ಕಮಿಟಿ ಕೂತೇಬಿಟ್ಟಿತು. ನಮ್ಮ ಬಳಗ ಐದು ಊರಿಗೆ ಹಂಚಿಹೋಗಿದೆ. ವಾಡಿಯಿಂದ ನಮ್ಮ ಭಾವ ಬಂದರು. ಶಹಾಬಾದಿನಿಂದ ಫರಸಿ ವ್ಯಾಪಾರದ ಮಾವ ಬಂದರು. ಚಿತ್ತಾಪುರದಿಂದ ರಿಟೈರ್ಡ್ ಮಾಸ್ತರರಾದ ಕಾಕಾ. ಚಿಂಚೋಳಿಯಿಂದ ಬೀಗರು. ಸೇಡಂನವರಾದ ನಮ್ಮ ಪಾಲಿಗೆ ಚಹಾದ ಖರ್ಚು ಬಂತು.

ಮೊದಲನೇ ಪ್ರಶ್ನೆ, ಅದು ಇರುವುದೆಲ್ಲಿ? ಸಣ್ಣ ಮಗಳು ಶಾಲೆಯ ಅಟ್ಲಾಸ್ ತಂದಳು. ಆಸ್ಟ್ರೇಲಿಯಾ ಸಿಕ್ಕಿತು, ಅದರ ಕೆಳಗೆ ಇರಬೇಕಾದ ಟಾಸ್ಮೇನಿಯಾ ಹಾಳೆಯ ಹೊಲಿಗೆಯೊಳಗೆ ಸಿಕ್ಕಿಹಾಕಿಕೊಂಡಿತ್ತು. ಆಸ್ಟ್ರೇಲಿಯಾದ ನಕ್ಷೆ ಬರೆಯುವವರು ಎಷ್ಟೋ ಸಲ ಆ ದ್ವೀಪವನ್ನು ಬರೆಯುವುದನ್ನೇ ಮರೆತುಬಿಡುತ್ತಾರಂತೆ, ಅಲ್ಲಿಯ ಜನಕ್ಕೆ ಅದೇ ದೊಡ್ಡ ಸಿಟ್ಟಂತೆ. ಇದನ್ನು ಕೇಳಿದ್ದೇ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. "ದೇಶದಾಗ ಇದ್ದೂ ನಕ್ಷಾದಾಗ ಇಲ್ಲ. ತಿಳೀತು ಬಿಡು. ಅದು ಆಸ್ಟ್ರೇಲಿಯಾದ ಕಲ್ಯಾಣ ಕರ್ನಾಟಕ!"

ಆ ಮಾತಿನಿಂದ ಕಮಿಟಿಗೆ ಟಾಸ್ಮೇನಿಯಾದ ಮೇಲೆ ಒಮ್ಮೆಲೇ ಅಂತಃಕರಣ ಬಂತು. ಬೆಂಗಳೂರಿನ ಕಡೆಯವರು ಪ್ರವಾಸದ ನಕ್ಷೆ ಹಿಡಿದು ಹಂಪಿ, ವಿಜಯಪುರ ನೋಡಿ, ಬೀದರಿಗೆ ಹಾರಿ ಇಳಿಯುವಾಗ ನಡುವೆ ಕಾಲಿಗೆ ತಾಗದೆ ಉಳಿಯುವ ಜಾಗವೇ ನಾವು. ನಮ್ಮಂಥದ್ದೇ ಇನ್ನೊಂದು ಜೀವ ಸುಮಾರು ಒಂಬತ್ತೂವರೆ ಸಾವಿರ ಕಿಲೋಮೀಟರ್ ಆಚೆ ಇದೆ ಅಂದಮೇಲೆ ಹೋಗಿ ಮಾತಾಡಿಸಿ ಬರುವುದು ಧರ್ಮ.

ಎರಡನೇ ಪ್ರಶ್ನೆ ದಾರಿಯದು. ಇಲ್ಲಿ ವಾಡಿ ಭಾವ ಎದೆ ಸೆಟೆಸಿದರು. ವಾಡಿಯವರ ನಂಬಿಕೆಯ ಪ್ರಕಾರ ಭೂಮಿಯ ಮೇಲೆ ಎಲ್ಲಿಂದ ಎಲ್ಲಿಗೇ ಹೋಗಲಿ, ವಾಡಿಯಲ್ಲಿ ಗಾಡಿ ಬದಲಿಸಲೇಬೇಕು. ಅವರ ಸೊಕ್ಕಿಗೂ ಆಧಾರವಿದೆ ಅನ್ನಿ. ಮುಂಬೈಯಿಂದ ಮದ್ರಾಸಿಗೆ ಹೋಗುವ ಹಳಿ ನಮ್ಮ ಸೀಮೆಯ ಮೇಲೆ ಹಾಯ್ದಾಗ ನಿಜಾಮರು ತಮ್ಮ ರೊಕ್ಕ ಹಾಕಿ ವಾಡಿಯಿಂದ ಸಿಕಂದರಾಬಾದಿಗೆ ಒಂದು ಟಿಸಿಲು ಎಳೆಸಿದರು. 1874ರಲ್ಲಿ ಗಾಡಿ ಓಡಿತು. ಚಿತ್ತಾಪುರ, ಸೇಡಂ ಎರಡೂ ಆ ಟಿಸಿಲಿನ ಮೇಲಿನ ಎಲೆಗಳು. ಶಹಾಬಾದ್ ದೊಡ್ಡ ಹಳಿಯ ಮೇಲಿದೆ. ಚಿಂಚೋಳಿಗೆ ಮಾತ್ರ ಇಂದಿಗೂ ಹಳಿಯಿಲ್ಲ, ಬೀಗರು ಬಸ್ಸಿನಲ್ಲೇ ಬರಬೇಕು.

"ಭಾವಾ, ವಿಮಾನ ಹತ್ತೂದು ಹೈದರಾಬಾದಿನಾಗ. ಸೇಡಂನಿಂದ ತಾಂಡೂರ ಮ್ಯಾಲ ಸೀದಾ ಹೋಗಬಹುದು. ವಾಡಿಗೆ ಬರೂದಂದ್ರ ಹಿಂದಕ್ಕ ಬಂದಂಗ" ಅಂದೆ.

"ಹಿಂದಕ್ಕ ಬಂದ್ರ ಏನಾತು? ಜಂಕ್ಷನ್ನಿನಾಗ ಹತ್ತಿದ್ರ ಕೂಡ್ಲಾಕ ಜಾಗಾ ಸಿಗ್ತದ."

"ಮೆಲ್ಬರ್ನಿನ ಹತ್ರ ಜೀಲಾಂಗ್ ಅಂತ ಬಂದರು ಅದಂತ. ಅಲ್ಲಿಂದ ರಾತ್ರಿ ಹಡಗ ಹತ್ತಿದ್ರ ಮುಂಜಾನಿ ಡೆವನ್‌ಪೋರ್ಟ್. ಟಾಸ್ಮೇನಿಯಾ ಬಂದಂಗೇ."

ಭಾವ ಒಂದು ಕ್ಷಣ ವಿಚಾರ ಮಾಡಿ, "ಜೀಲಾಂಗ್ ಅಂದ್ರ ಅವರ ವಾಡಿ" ಎಂದು ಠರಾವು ಪಾಸು ಮಾಡಿದರು.

ಮುಂದಿನದು ಹವಾ ಪಾಣಿ. ಟಾಸ್ಮೇನಿಯಾದ ವಾಯವ್ಯ ಮೂಲೆಯಲ್ಲಿ ಕೇಪ್ ಗ್ರಿಮ್ ಅಂತ ಒಂದು ತುದಿಯಿದೆ. ಸಾವಿರಾರು ಕಿಲೋಮೀಟರ್ ನೆಲವನ್ನೇ ಮುಟ್ಟದೆ ಬರೇ ಸಮುದ್ರದ ಮೇಲೆ ಬೀಸಿ ಬರುವ ಗಾಳಿ ಅಲ್ಲಿಗೆ ಬಂದು ಬಡಿಯುತ್ತದೆ. ಲೋಕದ ಅತಿ ಸ್ವಚ್ಛ ಗಾಳಿಗಳಲ್ಲಿ ಅದೊಂದು. 1976ರಿಂದ ಅಲ್ಲಿ ಕೂತು ಗಾಳಿಯನ್ನು ಅಳೆಯುತ್ತಿದ್ದಾರೆ. 1978ರಿಂದ ಆ ಗಾಳಿಯನ್ನು ಸಿಲಿಂಡರಿನಲ್ಲಿ ತುಂಬಿ, ಉಪ್ಪಿನಕಾಯಿ ಭರಣಿಯ ಹಾಗೆ ಜೋಪಾನವಾಗಿ ಇಡುತ್ತಾ ಬಂದಿದ್ದಾರೆ, ಮುಂದಿನವರಿಗೆ ಪರೀಕ್ಷೆಗೆ ಬೇಕಾದೀತೆಂದು. ಮಗಳು ಇದನ್ನು ಓದಿ ಹೇಳುತ್ತಿದ್ದಾಗ ವಾಡಿ ಭಾವ ಬೆಳಿಗ್ಗೆ ಉಟ್ಟ ಬಿಳಿ ಅಂಗಿಯ ತೋಳು ಝಾಡಿಸುತ್ತಿದ್ದರು. ಸುತ್ತ ಸಿಮೆಂಟಿನ ಊರು. ಅಂಗಿ ಬಿಳಿದೇ ಉಳಿಯುತ್ತದೆ, ಬಿಳಿ ಯಾರದು ಎಂಬುದಷ್ಟೇ ತಂಟೆ.

"ನಮ್ಮ ಗಾಳಿನೂ ಸಿಲಿಂಡರಿನಾಗ ತುಂಬಿ ಇಡಬಹುದು" ಅಂದರು ಭಾವ ಗಂಭೀರವಾಗಿ. "ಬೇಕಾದಾಗ ತೆಗೆದು ಒಂದಿಷ್ಟು ಉಸುಕು, ನೀರು ಕಲಸಿದ್ರ ಗ್ವಾಡಿ ಕಟ್ಟಬಹುದು."

ಶಹಾಬಾದ್ ಮಾವನಿಗೆ ಗಾಳಿಯಲ್ಲಿ ಆಸಕ್ತಿಯಿಲ್ಲ, ಕಲ್ಲಿನಲ್ಲಿದೆ. "ಅಲ್ಲಿ ಫರಸಿ ಸಿಗ್ತದೇನು?" ಎಂದರು. ಮಾವ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಾರೆ, ಆಮೇಲೆ ಮನೆಯವರನ್ನು. ಪದರು ಪದರಾಗಿ ಭೂಮಿಯೊಳಗೆ ಮಲಗಿದ ನಮ್ಮ ಸುಣ್ಣಗಲ್ಲನ್ನು ಪುಸ್ತಕದ ಹಾಳೆಯಂತೆ ಬಿಡಿಸಿ ಚೌಕ ಕತ್ತರಿಸಿ ಊರೂರಿಗೆ ಕಳಿಸಿದವರು ಶಹಾಬಾದಿನವರು. ಎಷ್ಟೋ ಊರಿನ ಶಾಲೆ, ಸ್ಟೇಷನ್ನು, ಅಡಿಗೆಮನೆ ಇವರ ಕಲ್ಲಿನ ಮೇಲೆ ನಿಂತಿವೆ. ಆಗ ಮಗಳು ವಾಂಬ್ಯಾಟ್ ಎಂಬ ಪ್ರಾಣಿಯ ವಿಷಯ ತೆಗೆದಳು. ಸಣ್ಣ ಕರಡಿಮರಿಯಂಥದ್ದು, ಬಿಲ ತೋಡುತ್ತದೆ, ಹುಲ್ಲು ತಿನ್ನುತ್ತದೆ. ವಿಶೇಷ ಏನೆಂದರೆ ಅದು ಹಾಕುವ ಲದ್ದಿ ಚೌಕ! ಒಂದೇ ರಾತ್ರಿಗೆ 80ರಿಂದ 100 ಚೌಕ. ಅದರ ಕರುಳು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುವುದರಿಂದ ಮೂಲೆ ಮೂಡುತ್ತದೆಂದು ಕಂಡುಹಿಡಿದವರಿಗೆ 2019ರಲ್ಲಿ ಇಗ್ ನೊಬೆಲ್ ಎಂಬ ನಗಿಸುವ ಬಹುಮಾನ ಕೂಡ ಬಂತು.

ಮಾವ ಚಹಾದ ಬಸಿ ಕೆಳಗಿಟ್ಟರು. "ನಾಕೂ ಮೂಲಿ ಬರೋಬ್ಬರಿ?"

"ಬರೋಬ್ಬರಿ."

"ಮಷೀನಿಲ್ಲ, ಪಾಲಿಶಿಲ್ಲ, ಗಣಿ ಲೈಸನ್ಸಿಲ್ಲ. ರಾತ್ರಿ ಒಂದರಾಗ ನೂರು ಪೀಸು!" ಮಾವನ ದನಿಯಲ್ಲಿ ಹೊಟ್ಟೆಕಿಚ್ಚಿಗಿಂತ ಭಕ್ತಿಯೇ ಜಾಸ್ತಿ ಇತ್ತು. ಅವರ ಟಿಕೀಟು ಅಲ್ಲಿಗೆ ಪಕ್ಕಾ ಆಯಿತು.

ಕಾಕಾ ಇತಿಹಾಸದವರು. 1642ರಲ್ಲಿ ಏಬಲ್ ಟಾಸ್ಮನ್ ಎಂಬ ಡಚ್ಚರವನು ಆ ದ್ವೀಪ ಕಂಡ, ತನ್ನ ಸಾಹೇಬರನ್ನು ಖುಷಿಪಡಿಸಲು ವ್ಯಾನ್ ಡೀಮನ್ಸ್ ಲ್ಯಾಂಡ್ ಎಂದು ಅವರ ಹೆಸರಿಟ್ಟ. ಆಮೇಲೆ ಬ್ರಿಟಿಷರು ಅದನ್ನು ಕೈದಿಗಳ ಕೊಟ್ಟಿಗೆ ಮಾಡಿದರು. ಆ ಹೆಸರಿಗೇ ಕಳಂಕ ಹತ್ತಿದ್ದಕ್ಕೆ 1856ರಲ್ಲಿ ಟಾಸ್ಮೇನಿಯಾ ಎಂದು ಬದಲಿಸಿಕೊಂಡರು. "ಹೆಸರು ಬದಲಿ ಮಾಡಿದ್ರ ಹಣಿಬಾರ ಬದಲಿ ಆಗ್ತದಂತ ಎಲ್ಲಾ ಕಡಿ ನಂಬ್ತಾರ ನೋಡ್ರಿ" ಎಂದು ಕಾಕಾ ನಮ್ಮ ಮುಖ ನೋಡಿದರು. 2019ರಲ್ಲಿ ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕ ಆದ ನಾವು ಸುಮ್ಮನೆ ಚಹಾ ಕುಡಿದೆವು.

ಆದರೆ ಪೋರ್ಟ್ ಆರ್ಥರ್ ಎಂಬ ಹಳೇ ಜೇಲನ್ನು ಜನ ರೊಕ್ಕ ಕೊಟ್ಟು ನೋಡುತ್ತಾರೆ ಎಂದದ್ದಕ್ಕೆ ಕಾಕಾ ಕೆರಳಿದರು. "ಬಿದ್ದ ಜೇಲಿಗಿ ಟಿಕೀಟು! ನಮ್ಮ ಚಿತ್ತಾಪುರದ ಮಗ್ಗಲಿಗೆ ನಾಗಾವಿ ಅದ. 1058ರ ಶಾಸನದಾಗ ಘಟಿಕಾಸ್ಥಾನದ ಲೆಕ್ಕ ಅದ. ವೇದ ಓದವರೇ ಇನ್ನೂರು ಹುಡುಗರು. ಪುಸ್ತಕ ಕಾಯ್ಲಾಕ ಆರು ಮಂದಿ ಸರಸ್ವತಿ ಭಂಡಾರಿಗರು. ಒಬ್ಬಿಬ್ಬರಲ್ಲ, ಆರು! ಈಗಿನ ಯಾವ ಕಾಲೇಜಿನಾಗ ಆರು ಮಂದಿ ಲೈಬ್ರರಿಯನ್ ಹಾರ, ಹೇಳು? ಅರವತ್ತು ಕಂಬದ ಗುಡಿ ನಿಂತದ, ಫುಕಟ್ ನೋಡ್ರಿ ಅಂದ್ರೂ ಬರವರಿಲ್ಲ." ಅಲ್ಲಿಗೇ ನಿಲ್ಲಿಸಲಿಲ್ಲ. ಮಳಖೇಡದಿಂದ ರಾಷ್ಟ್ರಕೂಟರು ಆಳುತ್ತಿದ್ದಾಗ ಸುಲೇಮಾನ್ ಎಂಬ ಅರಬ ವರ್ತಕ ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ನಮ್ಮವರನ್ನೂ ಎಣಿಸಿದ್ದನ್ನು ತೆಗೆದರು. "ಹೊರಗಿನವ ಬರೆದು ಕೊಟ್ಟ ಮ್ಯಾಲೇ ನಮಗ ನಮ್ಮದು ದೊಡ್ಡದು ಅನಿಸ್ತದ" ಎಂದರು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಊಟದ ಖಾತೆ ನಮ್ಮಾಕಿಯದು. "ಅಲ್ಲಿ ಏನು ತಿಂತಾರ?" ಎಂದಳು. ಸೇಬು, ಚೀಸು, ಕಾಡಿನ ಜೇನು, ಮತ್ತೆ ಸಮುದ್ರದ ಸಿಂಪಿ ಅಂದೆ. ಸಿಂಪಿ ಬಿಚ್ಚಿ ನಿಂಬೆರಸ ಹಿಂಡಿ ಒಳಗಿನದನ್ನು ಹಸಿದೇ ನುಂಗುತ್ತಾರೆ ಎಂದದ್ದಕ್ಕೆ ಅವಳು, "ಮುತ್ತು ಬಿಟ್ಟು ಹುಳ ತಿಂತಾರ? ಎಂಥಾ ವ್ಯಾಪಾರ ಅವರದು!" ಎಂದು ಅಲ್ಲೇ ಕೂತು ಒಯ್ಯುವ ಬುತ್ತಿಯ ಪಟ್ಟಿ ಹಾಕಿದಳು. ಕಟಕ ರೊಟ್ಟಿ ಇನ್ನೂರು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಖಾರಬ್ಯಾಳಿ. ತುಪ್ಪ ಎರಡು ಕಿಲೋ. ತೊಗರಿಬ್ಯಾಳಿ ಐದು ಕಿಲೋ. ತೊಗರಿಯ ಬಗ್ಗೆ ಅವಳ ಹತ್ತಿರ ಮಾತಾಡುವಂತಿಲ್ಲ. 2019ರಲ್ಲಿ ನಮ್ಮ ಜಿಲ್ಲೆಯ ತೊಗರಿಬ್ಯಾಳಿಗೆ ಭೌಗೋಳಿಕ ಗುರುತಿನ ಪಟ್ಟ ಬಂದಾಗಿನಿಂದ ಕುಕ್ಕರಿನ ಮುಂದೆ ಅವಳು ನಿಲ್ಲುವ ಠೀವಿಯೇ ಬೇರೆ. ಕಾಗಿಣಾ ದಂಡೆಯ ಮಣ್ಣಿನ ಸುಣ್ಣ ಕಾಳಿಗೆ ಇಳಿದು ಬ್ಯಾಳಿಗೆ ಆ ರುಚಿ ಬಂದಿದೆ. ಅದೇ ಸುಣ್ಣವನ್ನು ಅಗೆದರೆ ಶಹಾಬಾದ್ ಫರಸಿ, ಸುಟ್ಟರೆ ವಾಡಿಯ ಸಿಮೆಂಟು. ಬೇಯಿಸಿದರೆ ಮಾತ್ರ ನಮ್ಮಾಕಿಯದು.

ರಾತ್ರಿ ಅಕ್ಕನ ಮಗನಿಗೆ ಪಟ್ಟಿ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ದನಿಯೇ ಇಲ್ಲ. ಆಮೇಲೆ, "ಮಾವಾ, ತುಪ್ಪ ತರಬ್ಯಾಡ್ರಿ. ಕಾಳು ತರಬ್ಯಾಡ್ರಿ. ಏನು ತಂದ್ರೂ ಇಳಿಯೋ ಮುಂದ ಕಾಗದದ ಮ್ಯಾಲ ಬರೆದು ಕೊಡಬೇಕು. ಮುಚ್ಚಿಟ್ಟರ ಸಾವಿರಾರು ಡಾಲರ್ ದಂಡ. ವಾಸನಿ ಹಿಡೀಲಾಕ ನಾಯಿ ಇರ್ತಾವ" ಅಂದ.

ನಮ್ಮಾಕಿ ಹಿಂದಿನಿಂದ, "ನಾಯಿಗಿ ಒಂದು ರೊಟ್ಟಿ ಹಾಕಿದ್ರ ಸುಮ್ಮನಾಗ್ತದ" ಅಂದಳು.

ಆಸ್ಟ್ರೇಲಿಯಾ ದಾಟಿದರೂ ಮುಗಿಯಲಿಲ್ಲ, ಟಾಸ್ಮೇನಿಯಾದ ದಂಡೆಯಲ್ಲಿ ಇನ್ನೊಮ್ಮೆ ತಪಾಸಣೆ. ಮೆಲ್ಬರ್ನಿನಲ್ಲಿ ಕೊಂಡ ಸೇಬು ಕೂಡ ದ್ವೀಪದೊಳಗೆ ಒಯ್ಯುವಂತಿಲ್ಲ. ಹಣ್ಣಿನ ಜೊತೆ ಹಣ್ಣುನೊಣ ಬಂದರೆ ಅವರ ತೋಟ ಹಾಳು. ಶಾಲು ಹೊದಿಸಿ ಕಾಯಿ ಕೊಡುವ ನಮ್ಮ ಪದ್ಧತಿಗೆ ಇದು ಒಗ್ಗದ ಮಾತು. ಬೀಗರ ಮನೆಗೆ ಬರಿಗೈಯಲ್ಲಿ ಬರಬೇಕು ಅಂತ ಬೀಗರೇ ಬಾಗಿಲಲ್ಲಿ ನಿಂತು ಹೇಳಿದ ಹಾಗೆ.

ಇನ್ನು ವೈನು. ಇದು ಬಂದಾಗ ಕಟ್ಟೆಯ ಮೇಲೆ ಎಲ್ಲರೂ ದನಿ ತಗ್ಗಿಸಿದರು. ನಮ್ಮದು ಲಿಂಗಕಟ್ಟಿದ ಮನೆ, ಒಳಗೆ ಎಂಬತ್ತೆರಡರ ಅವ್ವ. ಶಹಾಬಾದ್ ಮಾವ ಮೆಲ್ಲಗೆ, "ತಾಂಡೂರ ಕಡಿ ಸೇಂದಿ ಇದ್ದಂಗೇನು?" ಅಂದರು. ಅಲ್ಲ ಅಂದೆ. ಅಲ್ಲಿಯ ಚಳಿಗೆ ದ್ರಾಕ್ಷಿ ಅವಸರ ಮಾಡದೆ ಮಾಗುತ್ತದೆ, ಪಿನೋ ನ್ವಾರ್ ಎಂಬ ನಾಜೂಕಿನ ಜಾತಿ ಅದಕ್ಕೇ ಅಲ್ಲಿ ಒಗ್ಗಿದೆ. ಅದನ್ನು ಸೇಡಂ ಬಿಸಿಲಿಗೆ ಹಚ್ಚಿದರೆ ಬಳ್ಳಿಯ ಮೇಲೇ ಮಣುಕ ಆದೀತು. ರುಚಿ ನೋಡುವ ಕ್ರಮವೂ ಹೇಳಿದೆ. ಗುಟುಕು ಬಾಯಿಗೆ ಹಾಕಿಕೊಂಡು, ಈ ಗಲ್ಲದಿಂದ ಆ ಗಲ್ಲಕ್ಕೆ ಆಡಿಸಿ, ನುಂಗದೆ ಉಗುಳುವುದು. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ.

"ಆಡಿಸೂದು, ಉಗುಳೂದು, ಅಷ್ಟೇ ಏನು?" ಮಾವ ಬಾಯಿಯ ಗುಟ್ಕಾ ಎಡಗಲ್ಲಕ್ಕೆ ಸರಿಸಿ ನಕ್ಕರು. "ಮೂವತ್ತು ವರ್ಷದ ಅನುಭವ ಅದ. ಪಾತ್ರಿನೂ ಬೇಕಾಗಿಲ್ಲ, ಗ್ವಾಡಿ ಇದ್ರ ಸಾಕು."

ಅಷ್ಟರಲ್ಲಿ ಒಳಗಿನಿಂದ ಅವ್ವ, "ಯಾವ ವೈನೋ ಅದು?" ಅಂದಳು. ಕಮಿಟಿ ಪೂರಾ ತಣ್ಣಗಾಯಿತು. ನಾನು ಧೈರ್ಯ ಮಾಡಿ, "ದ್ರಾಕ್ಷಿ ರಸ ಅವ್ವ. ಭರಣ್ಯಾಗ ಹಾಕಿ ಬಾಯಿ ಕಟ್ಟಿ ಹುಳಿಬರಿಸ್ತಾರ" ಅಂದೆ.

"ಅದಕ್ಕ ಇಷ್ಟು ಪಿಸುಪಿಸು ಯಾಕ? ದ್ರಾಕ್ಷಾರಿಷ್ಟ. ಊಟ ಆದ ಮ್ಯಾಲ ನಾ ದಿನಾ ಎರಡು ಚಮಚಾ ತಗೋತೀನಿ."

ನಲವತ್ತು ವರ್ಷದಿಂದ ನಮ್ಮ ದೇವರ ಕಪಾಟಿನ ಪಕ್ಕದಲ್ಲಿ ವೈನಿನ ಬಾಟಲಿಯಿದೆ, ಯಾರಿಗೂ ಗೊತ್ತಿರಲಿಲ್ಲ.

ಉಳಿದದ್ದು ಕಾಡು. ಇಷ್ಟೂ ಹೊತ್ತು ಚಿಂಚೋಳಿ ಬೀಗರು ಬಾಯಿಬಿಟ್ಟಿರಲಿಲ್ಲ. ನಾನು ಟಾಸ್ಮೇನಿಯಾದ ಕಾಡನ್ನು ವರ್ಣಿಸಿದೆ. 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅಡವಿ, ಈಗ ಹದಿನೈದು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದೆ, ನಮ್ಮ ಇಡೀ ಕಲಬುರಗಿ ಜಿಲ್ಲೆ ಅದರೊಳಗೆ ಮಲಗಿ ಕಾಲು ಚಾಚಬಹುದು. ಬೀಗರು ಕೆಮ್ಮಿದರು. "ನಮ್ಮಲ್ಲೂ ಅದ. ಚಿಂಚೋಳಿ ವನ್ಯಜೀವಿ ಧಾಮ. 134.88 ಚದರ ಕಿಲೋಮೀಟರ್. 2011ರಾಗ ಆಗ್ಯಾದ."

"ಕಾಡಾ? ಕಲಬುರಗಿ ಜಿಲ್ಲಾದಾಗಾ?" ವಾಡಿ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೀಗರೇ, ನಾಕು ಜಾಲಿ ಗಿಡ ಇದ್ರ ಕಾಡಲ್ಲ!"

ಬೀಗರಿಗೆ ಈ ನಗು ಹೊಸದಲ್ಲ. ದಕ್ಷಿಣ ಭಾರತದ ಒಣಭೂಮಿಯ ಮೊದಲ ವನ್ಯಧಾಮ ಅದೇ ಎಂದರು, ನಕ್ಕೆವು. ತೋಳ, ಕತ್ತೆಕಿರುಬ, ಕೊಂಡುಕುರಿ ಇವೆ ಎಂದರು, ನೋಡಿದವರು ಯಾರು ಎಂದೆವು. ಕೊನೆಗೆ ಬೀಗರು ಒಂದು ಪ್ರಶ್ನೆ ಕೇಳಿದರು. "ನಿಮ್ಮ ಟಾಸ್ಮೇನಿಯಾದಾಗ ತೋಳ ಹಾವೇನು?"

ಮಗಳು ಹುಡುಕಿ ಹೇಳಿದಳು. ಮೈಮೇಲೆ ಹುಲಿಪಟ್ಟೆ, ಮುಖ ತೋಳದ್ದು, ಕಾಂಗರೂ ಹಾಗೆ ಮರಿಯನ್ನು ಚೀಲದಲ್ಲಿ ಹೊರುವ ಒಂದು ಪ್ರಾಣಿ ಇತ್ತು. ಕುರಿ ಹಿಡಿಯುತ್ತದೆಂದು ಸರಕಾರ 1888ರಿಂದ 1909ರವರೆಗೆ ಕೊಂದವರಿಗೆ ತಲಾ ಒಂದು ಪೌಂಡು ಇನಾಮು ಕೊಟ್ಟಿತು. ಕೊನೆಯದು 1936ರಲ್ಲಿ ಹೋಬಾರ್ಟ್ ಊರಿನ ಪಂಜರದಲ್ಲಿ ಸತ್ತಿತು.

ಬೀಗರು ಏನೂ ಅನ್ನಲಿಲ್ಲ. ಆಮೇಲೆ ಯಾರೂ ನಗಲೂ ಇಲ್ಲ.

ಅಷ್ಟರಲ್ಲಿ ಟಿಕೀಟಿನ ಲೆಕ್ಕ ಬಂತು. ಎಂಟು ಜನಕ್ಕೆ ಕೂಡಿಸಿದಾಗ ಮೊತ್ತ ನೋಡಿ ಮಾವ, ಇಷ್ಟರಲ್ಲಿ ಎಷ್ಟು ಬ್ರಾಸ್ ಕಲ್ಲು ಬರುತ್ತದೆಂದು ಲೆಕ್ಕ ಹಾಕಲು ಕೂತರು. ಟೂರಿನ ತಾರೀಖು ದೀಪಾವಳಿಗೆ ಹೋಯಿತು, ಅಲ್ಲಿಂದ ಎಳ್ಳ ಅಮಾಸಿಗೆ ಹೋಯಿತು. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲದೆ ಯಾರಾದರೂ ದೇಶ ಬಿಡುತ್ತಾರೆಯೆ? ಮತ್ತೆ ಮುಂದೆ ಹೋಯಿತು. ಆಗ ಮಗಳೇ ಒಂದು ದಾರಿ ತೆಗೆದಳು. ಹೋಗುವ ಮುಂಚೆ ಒಂದು ರಿಹರ್ಸಲ್ ಆಗಲಿ. ಟಾಸ್ಮೇನಿಯಾದ ಎಲ್ಲಾ ಕಾಯಿದೆ ಪಾಲಿಸಿ ಚಿಂಚೋಳಿ ಕಾಡಿಗೆ ಹೋಗಿಬರೋಣ.

ಮಳೆ ಹಿಡಿದ ಮೇಲೆ ಒಂದು ರವಿವಾರ ಜೀಪು ಹೊರಟಿತು. ಕುಂಚಾವರಂ ದಾರಿಯಲ್ಲಿ ಜೀಪು ನಿಲ್ಲಿಸಿ ಮಗಳು ಕಟ್ಟಿಗೆಯೊಂದನ್ನು ಅಡ್ಡ ಹಿಡಿದು ಅಧಿಕಾರಿಯಾದಳು. "ಎಲ್ಲಾರೂ ಡಿಕ್ಲೇರ್ ಮಾಡ್ರಿ!" ಮಾವನ ಕಿಸೆಯಿಂದ ಗುಟ್ಕಾದ ಹನ್ನೊಂದು ಪಾಕೀಟು ಜಪ್ತಿ. ವಾಡಿ ಭಾವನಿಂದ ಪ್ಲಾಸ್ಟಿಕ್ ಬಾಟಲಿ, ಚಿಪ್ಸು ಜಪ್ತಿ. ನನ್ನ ಚೀಲದಿಂದ, ಬಿಡಿ, ಅದು ಅವ್ವನ ದ್ರಾಕ್ಷಾರಿಷ್ಟವೇ. ರೊಟ್ಟಿ, ಹಿಂಡಿ, ಪುಂಡಿ ಪಲ್ಯಕ್ಕೆ ವಿಶೇಷ ಪರವಾನಗಿ ಸಿಕ್ಕಿತು. ಅಧಿಕಾರಿಣಿಗೂ ಹಸಿವಾಗಿತ್ತು.

ಆ ದಿನ ನೋಡಿದ್ದನ್ನು ಬಣ್ಣ ಹಚ್ಚದೆ ಹೇಳುತ್ತೇನೆ. ಚಂದ್ರಂಪಳ್ಳಿ ಕೆರೆಯ ಸುತ್ತ ಗುಡ್ಡದ ಹಸಿರು ನೀರಿಗೆ ಇಳಿದಿತ್ತು. ಎತ್ತಿಪೋತ ಜಲಪಾತ ಮಳೆಗಾಲದ ನಾಲ್ಕು ದಿನದ ಸಿರಿಯಲ್ಲಿ ಕೆಂಪಗೆ ಸುರಿಯುತ್ತಿತ್ತು. ತಾಂಡಾದ ಹೆಣ್ಣುಮಗಳೊಬ್ಬಳು ದನ ಹೊಡೆದುಕೊಂಡು ಹೋಗುತ್ತಾ, ನೀರನ್ನೇ ನೋಡುತ್ತಾ ನಿಂತ ನಮ್ಮನ್ನು ಪಾಪ ಎಂಬಂತೆ ನೋಡಿದಳು. ತೋಳ ಕಾಣಲಿಲ್ಲ. ಕೆಸರಿನಲ್ಲಿ ಒಂದು ಹೆಜ್ಜೆ ಮಾತ್ರ ಕಂಡಿತು. ನಾಯಿಯದೋ ತೋಳದ್ದೋ ಎಂದು ಒಂದು ತಾಸು ಜಗಳವಾಡಿದೆವು. ವಾಡಿ ಭಾವ ಮೂಗು ತುಂಬಾ ಗಾಳಿ ಎಳೆದುಕೊಂಡು ಬಹಳ ಹೊತ್ತು ಒಳಗೇ ಇಟ್ಟುಕೊಂಡಿದ್ದರು, ಸಿಲಿಂಡರಿನ ಹಾಗೆ.

ರಾತ್ರಿ ಮನೆಗೆ ಬಂದಾಗ ಅಕ್ಕನ ಮಗ ಕಳಿಸಿದ ಕಾಗದದ ಫೋಟೋ ಮೊಬೈಲಿಗೆ ಬಂದಿತ್ತು. ವಿಮಾನ ಇಳಿಯುವ ಮುಂಚೆ ಪ್ರತಿಯೊಬ್ಬರೂ ತುಂಬಬೇಕಾದ ಚೀಟಿ. ಮಗಳು ಅದನ್ನು ಗಣಿತದ ನೋಟ್‌ಬುಕ್ಕಿನ ಹಾಳೆಗೆ ಕನ್ನಡದಲ್ಲಿ ಇಳಿಸಿ ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ಬೂಟಿಗೆ ಮಣ್ಣು ಹತ್ತಿದೆಯೆ? ಎಲ್ಲರೂ ಬಾಗಿಲ ಕಡೆ ನೋಡಿದೆವು. ಎಂಟು ಜೊತೆ ಬೂಟು, ಚಪ್ಪಲಿ. ಅಡಿಗೆ ಸೇಡಂನ ಎರಿಮಣ್ಣು, ಅದರ ಮೇಲೆ ಚಿಂಚೋಳಿಯ ಕೆಂಪು ಮಣ್ಣು. ಎರಿಮಣ್ಣು ತೊಳೆದರೆ ಹೋಗುವ ಜಾತಿಯದಲ್ಲ.

"ಹೌದು ಅಂತ ಬರಿ" ಅಂದೆ.

ಮುಂದಿನ ಪ್ರಶ್ನೆ. "ಹೋದ ಮೂವತ್ತು ದಿನದಾಗ ಹೊಲಕ್ಕ, ಹಳ್ಳ ಕೆರಿಗೆ, ಇಲ್ಲಾಂದ್ರ ಕಾಡಿಗೆ ಹೋಗಿದ್ದಿರೇನು?"

ಕಟ್ಟೆಯ ಮೇಲೆ ಯಾರೂ ಉಸಿರೆತ್ತಲಿಲ್ಲ. ಚಿಂಚೋಳಿ ಬೀಗರು ನಿಧಾನಕ್ಕೆ ಎದ್ದು ನಿಂತರು. ವಾಡಿ ಭಾವನ ಮುಖವನ್ನೇ ನೋಡುತ್ತಾ, "ಏನು ಬರಸ್ತೀರಿ?" ಅಂದರು. ಇಲ್ಲ ಅಂದರೆ ಆಸ್ಟ್ರೇಲಿಯಾ ಸರಕಾರಕ್ಕೆ ಸುಳ್ಳು ಹೇಳಿದಂತೆ, ಸಾವಿರಾರು ಡಾಲರ್ ದಂಡ. ಹೌದು ಅಂದರೆ ಅದು ಕಾಡು ಅಂತ ಬರೆದು ಸಹಿ ಮಾಡಿಕೊಟ್ಟಂತೆ. ಭಾವ ಅಂಗಿಯ ತೋಳು ಝಾಡಿಸಿದರು, ಆಕಾಶ ನೋಡಿದರು, ಕೊನೆಗೆ "ಹೌದು ಅಂತ ಬರಿಯವ್ವ" ಅಂದರು.

ಬೀಗರು ಆ ಹಾಳೆ ಹರಿಸಿಕೊಂಡು ಹೋಗಿ ಕಟ್ಟು ಹಾಕಿಸಿ ತಮ್ಮ ಪಡಸಾಲೆಯ ಗೋಡೆಗೆ ತೂಗುಹಾಕಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ನಮ್ಮ ಟಿಕೀಟು ಮಾತ್ರ ಇನ್ನೂ ಆಗಿಲ್ಲ. ಆದರೆ ಯಾವಾಗ ಆದೀತೋ ಹೇಳಲಿಕ್ಕೆ ಬರುವುದಿಲ್ಲ, ಮೂವತ್ತು ದಿನ ದಾಟಿದರೆ ಬರೆದುಕೊಟ್ಟ ಉತ್ತರ ಸುಳ್ಳಾಗುತ್ತದೆ. ಅದಕ್ಕೇ ಪ್ರತಿ ತಿಂಗಳು ಒಂದು ರವಿವಾರ, ಬಿಸಿಲಿರಲಿ ಮಳೆಯಿರಲಿ, ಐದೂ ಊರಿನವರು ಜೀಪು ಹತ್ತುತ್ತೇವೆ. ಕಾಯಿದೆ ಅಂದಮೇಲೆ ಕಾಯಿದೆ. ವಾಡಿ ಭಾವನೇ ಎಲ್ಲರಿಗಿಂತ ಮುಂಚೆ ಬಂದು ಕೂತಿರುತ್ತಾರೆ, ಜಂಕ್ಷನ್ನಿನವರಲ್ಲವೆ, ಸೀಟು ಹಿಡಿಯುವುದು ಅವರಿಗೆ ಗೊತ್ತು.